ಬ್ಯಾಡಗಿಯಲ್ಲಿ ಹೋದ ದನಿ

ಸುಧಾರಾಣಿಯ ದನಿ ಹೋದದ್ದು ಬ್ಯಾಡಗಿಯಲ್ಲಿ, ಗೋದಾಮಿನ ತುಂಬ ಜನ ಕೂತು ನೋಡುತ್ತಿರುವಾಗ, ಅವಳೇ ಬರೆದ ಹಾಡಿನ ನಡುವೆ.

ಅದು ಎರಡು ಸಾವಿರದ ಏಳನೇ ಇಸವಿಯ ಬೇಸಿಗೆ. ಸುಧಾರಾಣಿ ಹಾವೇರಿಯವಳು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅವಳಿಗೆ ಕೆಲಸ. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಇಟ್ಟು, ಅವು ಮೊಳಕೆ ಒಡೆಯುತ್ತವೋ ಇಲ್ಲವೋ ಎಂದು ಕಾದು ನೋಡುವುದು. ತಣ್ಣಗಿನ, ಮಾತಿಲ್ಲದ ಕೋಣೆ. ಚಿಕ್ಕಂದಿನಲ್ಲಿ ಹಾವೇರಿಯಲ್ಲೇ ಒಬ್ಬ ಮಾಸ್ತರರ ಹತ್ತಿರ ಸಂಗೀತ ಕಲಿತಿದ್ದಳು. ಮಾಸ್ತರು ತೀರಿಕೊಂಡ ಮೇಲೆ ಆ ಸಂಗೀತವೆಲ್ಲ ಗುನುಗುವುದಕ್ಕೆ ಇಳಿದಿತ್ತು. ಬೀಜದ ತಟ್ಟೆಗಳ ನಡುವೆ ಅವಳು ಹಾಗೆ ಗುನುಗುತ್ತಿದ್ದಾಗ ಜಾಹೀರಾತಿನ ಕೆಲಸಕ್ಕೆಂದು ಬಂದು ಬಾಗಿಲಲ್ಲಿ ನಿಂತು ಕೇಳಿದವನು ಅಯಾಜ್.

ಅಯಾಜನಿಗೆ ಸ್ಟೇಶನ್ ರಸ್ತೆಯ ಒಂದು ಅಟ್ಟದ ಮೇಲೆ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಭಜನೆ ಪದ, ಮದುವೆಯ ವಿಡಿಯೋಗೆ ಹಿನ್ನೆಲೆ ಸಂಗೀತ, ಬೀಜ ಗೊಬ್ಬರದ ಜಾಹೀರಾತು, ಇವೇ ಅವನ ಅನ್ನ. ಅವನ ಆಸೆ ಮಾತ್ರ ಗಿಟಾರಿನಲ್ಲಿತ್ತು. ಯಾರೂ ಕಲಿಸದೆ, ಕ್ಯಾಸೆಟ್ಟು ಕೇಳಿ ಕೇಳಿ, ಬೆರಳು ಸವೆಸಿಕೊಂಡು ಕಲಿತಿದ್ದ. ಅವನು, ಅವನ ಕಾಕಾನ ಮಗ ಮೆಹಬೂಬ, ಡ್ರಮ್ಮು ಬಾರಿಸುವ ಬ್ಯಾಡಗಿಯ ವಿಜಯಮಹಾಂತೇಶ, ಮೂವರೂ ಸೇರಿ ಒಂದು ರಾಕ್ ಬ್ಯಾಂಡು ಕಟ್ಟಿದ್ದರು. ಹೆಸರು ತಂತಿಬೇಲಿ. ಹಾಡುವವರು ಸಿಕ್ಕಿರಲಿಲ್ಲ. ಸುಧಾರಾಣಿ ಸಿಕ್ಕಳು.

"ರಾಕ್ ಅಂದ್ರ ಒದರಬೇಕಾಗತೈತೇನು?" ಎಂದು ಅವಳು ಮೊದಲ ದಿನ ಕೇಳಿದ್ದಳು.

"ನಿನಗ ಹೆಂಗ ಬರತೈತಿ ಹಂಗ ಹಾಡು. ಒದರೂದೆಲ್ಲಾ ಗಿಟಾರ ಒದರತೈತಿ," ಅಂದಿದ್ದ ಅಯಾಜ್.

ಒಂದು ವರ್ಷ ಅಟ್ಟದ ಮೇಲೆ ಹಾಡಿದರು. ಹಾಡುಗಳನ್ನು ಬರೆದವಳು ಸುಧಾರಾಣಿಯೇ. ಕೊನೆಗೆ ಜನರ ಮುಂದೆ ಒಂದು ಕಾರ್ಯಕ್ರಮ ಮಾಡುವುದು, ಅದನ್ನು ಅಲ್ಲೇ ರೆಕಾರ್ಡು ಮಾಡಿ ಸಿ.ಡಿ. ತರುವುದು ಎಂದು ತೀರ್ಮಾನವಾಯಿತು. ಜಾಗ ಕೊಟ್ಟವರು ವಿಜಯಮಹಾಂತೇಶನ ತಂದೆ ವಿರೂಪಾಕ್ಷಪ್ಪ. ಅವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಸೀಜನ್ನು ಮುಗಿದು ಗೋದಾಮು ಮುಕ್ಕಾಲು ಖಾಲಿಯಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಉಳಿದ ಚೀಲಗಳಿದ್ದವು, ಅವುಗಳ ಮುಂದೆ ಹೆಣ್ಣುಮಕ್ಕಳು ಕೂತು ಮೆಣಸಿನಕಾಯಿಯ ತುಂಬು ಮುರಿಯುತ್ತಿದ್ದರು. ತೊಟ್ಟಿಗೆ ಅಲ್ಲಿ ತುಂಬು ಅನ್ನುತ್ತಾರೆ.

"ಅವರು ಕುಂತಲ್ಲೇ ಕುಂದರ್ಲಿ," ಅಂದರು ವಿರೂಪಾಕ್ಷಪ್ಪ. "ನಿಮ್ಮ ಡಬಡಬ ನಿಮಗ, ಅವರ ಕೆಲಸ ಅವರಿಗೆ."

ಮಧ್ಯಾಹ್ನವೆಲ್ಲ ಮೈಕುಗಳನ್ನು ಹಚ್ಚುವುದರಲ್ಲೇ ಹೋಯಿತು. ಇಲ್ಲಿ ಇಟ್ಟರೆ ಸಿಳ್ಳೆ ಹೊಡೆಯುತ್ತಿತ್ತು, ಅಲ್ಲಿ ಇಟ್ಟರೆ ಸತ್ತಂತಿತ್ತು. ಜನರ ಗದ್ದಲ ಹಿಡಿಯಲೆಂದು ಅಯಾಜ್ ಒಂದು ಮೈಕನ್ನು ಚೀಲಗಳ ಮೇಲಿನ ತೊಲೆಗೆ ಇಳಿಬಿಟ್ಟ. ಸುಧಾರಾಣಿ ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಬೇಕಾಯಿತು.

ಬಾಗಿಲ ತಗಿ, ಗಾಳಿ ಬಂದೈತಿ,
ಕರಿಯದ ಮನಿಗೆ ತಾನ ಬಂದೈತಿ.

'ತಾನ ಬಂದೈತಿ' ಅನ್ನುವಲ್ಲಿ ದನಿ ಮೇಲೆ ಹೋಗಿ ಅಲ್ಲೇ ನಿಲ್ಲಬೇಕು. ಮಾಸ್ತರರು ಕಲಿಸಿದ ಉಸಿರಿನ ಹದವೆಲ್ಲ ಅವಳು ಆ ಒಂದು ಜಾಗಕ್ಕೆಂದೇ ಇಟ್ಟುಕೊಂಡಿದ್ದಳು.

ಸಂಜೆ ಜನ ಬಂದರು. ವ್ಯಾಪಾರಸ್ಥರು, ಹಮಾಲರು, ಕಾಲೇಜಿನ ಹುಡುಗ ಹುಡುಗಿಯರು, ಹಾವೇರಿಯಿಂದ ಅವಳ ತಾಯಿ ನಿರ್ಮಲಾ, ಅಗಡಿ, ಕರ್ಜಗಿ ಕಡೆಯಿಂದ ಬೈಕಿನಲ್ಲಿ ಬಂದ ಗೆಳೆಯರ ಗುಂಪುಗಳು. ಮೊದಲಿನ ಮೂರು ಹಾಡು ಹರಿಯುವ ನೀರಿನ ಹಾಗೆ ಹೋದವು. ನಾಲ್ಕನೆಯದು 'ಬಾಗಿಲ ತಗಿ'. ಅದರಲ್ಲಿ ಮೆಹಬೂಬನ ಬೇಸ್ ಗಿಟಾರು ನೆಲದಿಂದ ಎದ್ದು ಬರುತ್ತದೆ. ಆ ತಗ್ಗಿನ ನಾದಕ್ಕೆ ಗೋದಾಮಿನ ತಗಡು ಜುಮ್ಮೆಂದಿತು, ತೊಲೆಗಳು ನಡುಗಿದವು. ಎಷ್ಟು ವರ್ಷಗಳ ಮೆಣಸಿನಕಾಯಿ ಧೂಳು ಆ ತೊಲೆಗಳ ಮೇಲೆ ಮಲಗಿತ್ತೋ, ಎಲ್ಲವೂ ಎಚ್ಚರಾಯಿತು.

ಸುಧಾರಾಣಿ ಅದನ್ನು ನೋಡಿದಳು. ದೀಪದ ಬೆಳಕಿನೊಳಗೆ ಕೆಂಪು ಪುಡಿ ನಿಧಾನವಾಗಿ, ಅವಸರವೇ ಇಲ್ಲದೆ ಇಳಿಯುತ್ತಿತ್ತು. ಬೆಳಕೇ ಉದುರುತ್ತಿರುವಂತೆ. ವಿಜಯಮಹಾಂತೇಶ ತನಗೆ ಹೇಳದೆ ಏನೋ ಚಂದದ ವ್ಯವಸ್ಥೆ ಮಾಡಿದ್ದಾನೆ ಅಂದುಕೊಂಡಳು. ಮುಖ ಮೇಲೆತ್ತಿ, ಆ ಕೆಂಪಿನೊಳಗೆ 'ಕರಿಯದ ಮನಿಗೆ' ಎಂದು ಎದೆ ತುಂಬ ಉಸಿರೆಳೆದಳು.

ಘಾಟು ಗಂಟಲಿಗೆ ಹೊಕ್ಕಿತು.

ಮೊದಲು ಒಂದು ಕೆಮ್ಮು. ಅದು ಸ್ಪೀಕರಿನಲ್ಲಿ ಗುಡುಗಿನ ಹಾಗೆ ಕೇಳಿತು. ಆಮೇಲೆ ಒಂದರ ಹಿಂದೆ ಒಂದು. ಎದುರಿನ ಸಾಲುಗಳೂ ಕೆಮ್ಮತೊಡಗಿದವು, ಸೆರಗು, ಕರವಸ್ತ್ರ ಮೂಗಿಗೆ ಬಂದವು. ಅವಳು ಮೈಕು ಬಿಟ್ಟು ಚೀಲಗಳ ಹಿಂದೆ ಓಡಿದಳು. ಹುಡುಗರು ಏನು ಮಾಡಬೇಕೆಂದು ತಿಳಿಯದೆ ಅದೇ ಸಾಲನ್ನು ಸುತ್ತಿ ಸುತ್ತಿ ಬಾರಿಸುತ್ತಿದ್ದರು. ಯಾರೋ ನೀರು ಕೊಟ್ಟರು. ಕಣ್ಣೀರು ಒರೆಸಿಕೊಂಡು ಅವಳು ಬಂದು ಕೊನೆಯ ನುಡಿ ಹಾಡಿ ಮುಗಿಸಿದಳು. ಅದು ಅವಳ ದನಿಯಾಗಿರಲಿಲ್ಲ.

ತಾಯಿಯ ಜೊತೆ ಹಾವೇರಿಗೆ ಹಿಂದಿರುಗಿದಳು. ಮರುದಿನದಿಂದ ತಾಯಿ ಜ್ಯೇಷ್ಠಮಧು ಹಾಕಿದ ಬಿಸಿನೀರು ಕೊಟ್ಟರು. ದನಿ ಬಂತು, ಹಾಡಲು ಮನಸ್ಸು ಬರಲಿಲ್ಲ. ಬೀಜದ ಕೋಣೆಯಲ್ಲಿ ಗುನುಗುವುದೂ ನಿಂತಿತು. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ತನ್ನನ್ನೇ ಅಣಕಿಸಿದಂತೆ ಅವಳ ಕಿವಿ ಬಿಸಿಯಾಗುತ್ತಿತ್ತು.

ಮಳೆಗಾಲ ಹಿಡಿದ ಮೇಲೆ ಅಯಾಜ್ ಫೋನು ಮಾಡಿದ.

"ಎಲ್ಲಾ ಚಲೋ ಬಂದೈತಿ ಸುಧಾ. ಅದೊಂದು ಜಾಗಾ ಬಿಟ್ಟು. ಬಂದು ಹಾಡಿ ಹೋಗು. ಅದರ ಮ್ಯಾಲ ಕುಂದರಸ್ತೇನಿ."

"ಕುಂದರಸೂದಂದ್ರ?"

"ಅಂದ್ರ, ನೀ ಕೆಮ್ಮಿದ್ದ ತಗದು ನೀ ಹಾಡಿದ್ದ ಇಡೂದು. ದೊಡ್ಡ ದೊಡ್ಡ ಬ್ಯಾಂಡಿನವರೆಲ್ಲಾ ಮಾಡತಾರ. ಮಂದೀ ಮುಂದ ಹಾಡಿದ್ದಂತ ಕವರಿನ ಮ್ಯಾಲ ಬರದಿರತೈತಿ, ಒಳಗ ಅರ್ಧಾ ಸ್ಟುಡಿಯೋದಾಗಿಂದ ಇರತೈತಿ."

ಒಂದು ರವಿವಾರ ಅವಳು ಹೋದಳು.

ಸ್ಟುಡಿಯೋದ ಒಳಗೋಣೆಗೆ ಗೋಡೆಯ ತುಂಬ ಸ್ಪಂಜು ಹಚ್ಚಿತ್ತು. ಬಾಗಿಲು ಹಾಕಿದರೆ ರಾಣೆಬೆನ್ನೂರು ಅನ್ನುವ ಊರೇ ಇಲ್ಲ. ಆಟೋ ಇಲ್ಲ, ರೈಲಿಲ್ಲ, ಮಳೆಯೂ ಇಲ್ಲ. ಗಾಜಿನ ಆಚೆ ಅಯಾಜ್ ಕಂಪ್ಯೂಟರಿನ ಮುಂದೆ ಕೂತಿದ್ದ. ಪರದೆಯ ಮೇಲೆ ಆ ಸಂಜೆ ಹಸಿರು ಗೆರೆಗಳಾಗಿ ಮಲಗಿತ್ತು. ಒಂದು ಗೆರೆ ಡ್ರಮ್ಮಿನದು, ಒಂದು ಗಿಟಾರಿನದು. ಅವಳ ಗೆರೆ ಗುಡ್ಡದ ಸಾಲಿನ ಹಾಗೆ ಏಳುತ್ತ ಬೀಳುತ್ತ ಹೋಗಿ, ಒಂದು ಕಡೆ ನಾಲ್ಕಾರು ಮುಳ್ಳುಗಳಾಗಿ, ಆಮೇಲೆ ಬಯಲಾಗಿತ್ತು.

"ಈ ಮುಳ್ಳ?"

"ಕೆಮ್ಮು," ಅಂದ ಅಯಾಜ್. ಒಂದು ಗುಂಡಿ ಒತ್ತಿದ. ಮುಳ್ಳುಗಳು ಹೋದವು. "ಮಂದೀ ಕೆಮ್ಮೂ ತಗದೇನಿ. ಹಾಡ ಮುಗದ ಮ್ಯಾಲ ಚಪ್ಪಾಳಿ ಹಾಕೇನಿ, ಕೇಳ."

ಅವಳು ಕೇಳಿ ನಕ್ಕಳು. "ಅಷ್ಟು ಚಪ್ಪಾಳಿ ಎಲ್ಲಿ ಬಿದ್ದಿದ್ವೋ ಮಾರಾಯಾ? ಎಲ್ಲಾರೂ ಮೂಗ ಹಿಡಕೊಂಡಿದ್ರು."

"ಮೂರನೇ ಹಾಡಿಗೆ ಬಿದ್ದಿದ್ವಲಾ, ಅವನ್ನ ಇಲ್ಲಿ ತಂದೇನಿ. ನಮ್ಮವs ಚಪ್ಪಾಳಿ. ಯಾರವೂ ಕದ್ದಿಲ್ಲ."

ಅವಳು ಹೆಡ್‌ಫೋನು ಹಾಕಿಕೊಂಡು ನಿಂತಳು. ಕಿವಿಯಲ್ಲಿ ಗೋದಾಮು ತೆರೆಯಿತು. ಜನರ ಪಿಸುಮಾತು, ಎಲ್ಲೋ ಒಂದು ಮಗು, ಮೆಹಬೂಬನ ಬೇಸು. ಎಲ್ಲ ಅವತ್ತಿನದೇ, ಅವಳೊಬ್ಬಳು ಮಾತ್ರ ಇವತ್ತಿನವಳು. ಹಾಡಿದಳು. 'ತಾನ ಬಂದೈತಿ' ಅನ್ನುವಲ್ಲಿ ದನಿ ಮೇಲೆ ಹೋಗಿ ಸುಮ್ಮನೆ ನಿಂತಿತು, ಗಾಳಿಯಲ್ಲಿ ಹದ್ದು ನಿಂತ ಹಾಗೆ.

ಅಯಾಜ್ ಅದಕ್ಕೆ ಗೋದಾಮಿನ ಗುಂಯ್ಗುಡುವಿಕೆ ಸೇರಿಸಿ ಕೇಳಿಸಿದ. ಸುಧಾರಾಣಿ ಕಣ್ಣು ಮುಚ್ಚಿದಳು. ಅಲ್ಲಿ, ಬ್ಯಾಡಗಿಯಲ್ಲಿ, ಕೆಂಪು ಪುಡಿಯ ನಡುವೆ, ಕೆಮ್ಮದೇ ಇದ್ದ ಇನ್ನೊಬ್ಬ ಸುಧಾರಾಣಿ ನಿಂತು ಹಾಡುತ್ತಿದ್ದಳು. ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತು. ಕೂಡಲೇ ಇನ್ನೊಂದು ಯೋಚನೆ ಬಂತು: ಇವಳು ಅಲ್ಲಿ ಹಾಡುತ್ತಿರುವಾಗ ನಾನೆಲ್ಲಿದ್ದೆ?

"ನಾ ಚೀಲದ ಹಿಂದ ಕೆಮ್ಮಾಕತ್ತಿದಾಗ ಅಲ್ಲೇನ ಆತು ಅಯಾಜ್?"

"ಏನಿಲ್ಲ. ನಾವು ಅದs ಸಾಲ ಸುತ್ತ ಹೊಡಕೋತ ಇದ್ವಿ."

"ಮಂದೀದು ಹಚ್ಚು. ತೊಲಿ ಮ್ಯಾಲಿನ ಮೈಕ."

"ಅದು ಬರೇ ಗದ್ದಲ. ಬಂದ ಮಾಡಿಟ್ಟೇನಿ."

"ಹಚ್ಚು."

ಅವನು ಉಳಿದೆಲ್ಲ ಗೆರೆಗಳನ್ನು ಸಣ್ಣ ಮಾಡಿ ಅದೊಂದನ್ನು ಬಿಟ್ಟ. ಮೊದಲು ಕೆಮ್ಮುಗಳು, ಕುರ್ಚಿ ಎಳೆದದ್ದು. ಆಮೇಲೆ, ನೀರಿನ ತಳದಿಂದ ಬಂದ ಹಾಗೆ, ಒಂದು ಹೆಣ್ಣುದನಿ. ಒರಟು ದನಿ, ಡ್ರಮ್ಮಿಗಿಂತ ಹಿಂದೆ ಬಿದ್ದಿತ್ತು, ಬೀಸುವ ಕಲ್ಲಿನ ನಡೆ ಅದಕ್ಕೆ. ಅದರ ಹಿಂದೆ ಇನ್ನೂ ಒಂದೆರಡು.

ಬಾಗಿಲ ತಗಿ ತಂಗೀ, ಗಾಳಿ ಬಂದೈತಿ,
ಕರಿಯದ ಮನಿಗೆ ತಾನ ಬಂದೈತಿ.

ಸುಧಾರಾಣಿ ಉಸಿರು ಹಿಡಿದು ನಿಂತಳು. ಹಾಡಿನಲ್ಲಿ 'ತಂಗಿ' ಇರಲಿಲ್ಲ. ಅವಳು ಬರೆದಿರಲಿಲ್ಲ. ದನಿ ಅದೇ ಸಾಲನ್ನು ಮತ್ತೆ ಹೇಳಿತು, ಮತ್ತೆ 'ತಂಗೀ' ಅಂದಿತು, ಮುಚ್ಚಿದ ಮನೆಯ ಮುಂದೆ ನಿಂತು ಕರೆಯುವವರ ಹಾಗೆ.

"ಮೂಲ್ಯಾಗಿನ ಹೆಣ್ಮಕ್ಕಳು," ಅಂದ ಅಯಾಜ್ ಬೆರಗಾಗಿ. "ಮಧ್ಯಾಹ್ನದಿಂದ ಕೇಳಿ ಕೇಳಿ ಬಾಯಿಪಾಠ ಆಗೇತಿ ಅವರಿಗೆ. ಸ್ಪೀಕರಿನ ಗದ್ದಲದಾಗ ನಮಗ್ಯಾರಿಗೂ ಕೇಳಿಲ್ಲ ನೋಡು."

"ನಾ ಈಗ ಹಾಡಿದ್ದ ಹಂಗs ಇರಲಿ. ಸಿ.ಡಿ. ಈಗ ಬ್ಯಾಡ," ಅಂದಳು ಅವಳು. ಆ ತುಣುಕನ್ನು ಒಂದು ಸಿ.ಡಿ.ಗೆ ಹಾಕಿಸಿಕೊಂಡು, ಅಯಾಜನ ಸಣ್ಣ ಪ್ಲೇಯರನ್ನೂ ಎರವಲು ಪಡೆದು ಹಾವೇರಿಯ ಬಸ್ಸು ಹತ್ತಿದಳು. ದಾರಿಯುದ್ದ ಅದನ್ನೇ ಕೇಳಿದಳು. ಕಿಟಕಿಯ ಆಚೆ ಗೋವಿನಜೋಳದ ಹೊಲಗಳು ಮಳೆಯಲ್ಲಿ ಕರಗುತ್ತಿದ್ದವು. ಯಾರೋ ತನ್ನನ್ನು ಕರೆಯುತ್ತಿದ್ದಾರೆ, ತಾನು ಮಾತ್ರ ಓಗೊಟ್ಟಿಲ್ಲ ಎಂದು ಅವಳಿಗೆ ಅನಿಸುತ್ತಲೇ ಇತ್ತು.

ಮುಂದಿನ ರಜೆಗೆ ಬ್ಯಾಡಗಿಗೆ ಹೋದಳು. ವಿಜಯಮಹಾಂತೇಶ ಗೋದಾಮಿನ ಬಾಗಿಲಲ್ಲೇ ಇದ್ದ. ಅವಳು ಕೇಳಿದ ಕೂಡಲೇ, "ಪ್ರೇಮವ್ವ ಇರಬೇಕು. ಆಕೀನs ಇಲ್ಲಿ ಹಾಡಾಕಿ," ಎಂದು ಮೂಲೆಗೆ ಕರೆದೊಯ್ದ.

ಕೋಲ್ಡ್ ಸ್ಟೋರೇಜಿನಿಂದ ಬಂದ ಮೆಣಸಿನಕಾಯಿಯ ರಾಶಿಯ ಸುತ್ತ ಮೂವರು ಕೂತಿದ್ದರು. ನಡುವಿನವಳೇ ಪ್ರೇಮವ್ವ, ಐವತ್ತರ ಆಸುಪಾಸು, ಬಡಕಲು ಮೈ, ಕಣ್ಣು ಚುರುಕು. ಪಕ್ಕದಲ್ಲಿ ಮಂಗಳವ್ವ ಮತ್ತು ರಮಜಾನಬಿ. ಮೂವರ ಕೈಯೂ ನಿಲ್ಲುತ್ತಿರಲಿಲ್ಲ.

"ಕೆಮ್ಮಿದಾಕಿ ಬಂದಳು ನೋಡ," ಅಂದಳು ಮಂಗಳವ್ವ. ಪ್ರೇಮವ್ವ ಅವಳನ್ನು ಮೊಣಕೈಯಿಂದ ತಿವಿದಳು. "ಬಾ ತಂಗಿ, ಕುಂದರು. ಗಂಟಲ ಆರಾಮ ಆತೇನು?"

ಸುಧಾರಾಣಿ ಕೂತು ಹೆಡ್‌ಫೋನನ್ನು ಪ್ರೇಮವ್ವನ ಕಿವಿಗೆ ಹಾಕಿದಳು. ಪ್ರೇಮವ್ವ ಮೊದಲು ಹೆದರಿದಂತೆ ಹಿಂದೆ ಸರಿದಳು, ಆಮೇಲೆ ತಲೆ ವಾರೆ ಮಾಡಿ ಕೇಳಿದಳು. ಕೈ ತಾನಾಗಿ ನಿಂತಿತು.

"ಇದ್ಯಾರು?"

"ನೀವರಿ ಪ್ರೇಮಕ್ಕಾ."

"ನಾನಲ್ಲ ತಗಿ."

ರಮಜಾನಬಿ ಒಂದು ಕಡೆಯ ಹೆಡ್‌ಫೋನನ್ನು ಎಳೆದು ತನ್ನ ಕಿವಿಗೆ ಹಚ್ಚಿಕೊಂಡಳು. "ನೀನs ಅದಿ ಪ್ರೇಮಾ. ಹಿಂದ ನಾನೂ ಅದೇನಿ, ಕೇಳ ಬೇಕಾರ."

ಪ್ರೇಮವ್ವನ ಮುಖ ಸಣ್ಣಗಾಯಿತು. "ನನ್ನ ದನಿ ಹಿಂಗಿಲ್ಲವಾ. ಒಳಗ ನನಗ ಕೇಳೂದು ದುಂಡಗೈತಿ. ಇದು ಹರಕ ಚೀಲ ನೆಲದ ಮ್ಯಾಲ ಎಳದಂಗ ಐತಿ. ತಗಸಿಬಿಡು ಅದನ್ನ."

ಸುಧಾರಾಣಿ ಬಂದದ್ದೇ ಇದನ್ನು ಹೀಗೇ ಉಳಿಸುತ್ತೇನೆ ಎಂದು ಹೇಳಲು. ಬಸ್ಸಿನಲ್ಲಿ ಅದಕ್ಕೆ ಮಾತನ್ನೂ ಜೋಡಿಸಿಕೊಂಡಿದ್ದಳು. "ಇಲ್ಲರಿ, ಇದು ಭಾಳ ಚಂದ ಐತಿ. ಹೆಂಗೈತಿ ಹಂಗs ಇಡಬೇಕಂತ ಮಾಡೇನಿ. ನಾ ಸ್ಟುಡಿಯೋದಾಗ ಮತ್ತ ಹಾಡಿದ್ದೆ, ಅದನ್ನ ತಗಸಿ..."

"ಮತ್ತ ಹಾಡಿದ್ದೇನು? ಹಾಡಬಹುದೇನು ಹಂಗ?"

"ಹೌದರಿ. ತಪ್ಪಿದ್ದ ತಗದು ಚಲೋದ ಕುಂದರಸ್ತಾರ."

"ಮತ್ತ ಹಂಗಿದ್ರ ನನಗ್ಯಾಕ ಹರಕ ಚೀಲ?" ಪ್ರೇಮವ್ವ ರೇಗಿಯೇಬಿಟ್ಟಳು. "ನೀ ಕೆಮ್ಮಿದ್ದ ತಗಸ್ತಿ, ನಂದು ಮಾತ್ರ ಹೆಂಗೈತಿ ಹಂಗ ಇರಬೇಕಾ? ಅವತ್ತ ನನಗ ನೆಗಡಿ ಆಗಿತ್ತು. ನಾನೂ ಮತ್ತ ಹಾಡತೇನಿ ತಗಿ."

ಸುಧಾರಾಣಿಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿ ಬಂತು. ತನಗೆ ಇಷ್ಟು ದಿನ ಆದದ್ದೇ ಇವಳಿಗೂ ಈ ಗಳಿಗೆ ಆಗಿದೆ. ಯಾರಿಗೆ ತಾನೇ ತಮ್ಮ ದನಿ ಚಂದ ಇರುವುದು ಬೇಡ?

"ಒಂದ ಮಾತು ಹೇಳ್ರಿ," ಅಂದಳು. "ಹಾಡಿನ್ಯಾಗ ತಂಗಿ ಇರಲಿಲ್ಲ. ನೀವ್ಯಾಕ ಹಾಕಿದ್ರಿ?"

"ನೀ ಒಳಗ ಕೆಮ್ಮಾಕತ್ತಿದ್ದಿ. ಬರೇ ಬಾಗಿಲ ತಗಿ ಅಂದ್ರ ಯಾರಿಗೆ ಅಂದಂಗಾತು? ಕರದ್ರ ಮಂದಿ ಬರತಾರ. ನಿನ್ನ ಹೆಸರ ನನಗ ಗೊತ್ತಿರಲಿಲ್ಲ."

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಅವರು ಬ್ಯಾಡಗಿಯಿಂದ ಪ್ಯಾಸೆಂಜರ್ ರೈಲಿಗೆ ರಾಣೆಬೆನ್ನೂರಿಗೆ ಬಂದರು. ಮೂವರೂ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಅಯಾಜನ ತಾಯಿಗೆಂದು ರಮಜಾನಬಿ ಒಂದು ಬಟ್ಟೆಗಂಟಿನ ತುಂಬ ಡಬ್ಬಿ ತಳಿಯ ಮೆಣಸಿನಕಾಯಿ ತಂದಿದ್ದಳು. ವಿಜಯಮಹಾಂತೇಶ ಅವರನ್ನು ಅಟ್ಟ ಹತ್ತಿಸಿದ. ಒಳಗೋಣೆಯಲ್ಲಿ ಪ್ರೇಮವ್ವ ಗೋಡೆಯ ಸ್ಪಂಜನ್ನು ಬೆರಳಿನಿಂದ ಒತ್ತಿ ನೋಡಿ, "ಓ" ಎಂದು ಕೂಗಿದಳು. ಕೂಗು ಅಲ್ಲೇ ಬಿತ್ತು.

"ಇಲ್ಲಿ ದನಿ ಹೋದದ್ದು ತಿರಗಿ ಬರೂದs ಇಲ್ಲಲ್ಲೋ ತಮ್ಮಾ," ಅಂದಳು.

"ಆಮ್ಯಾಲ ತಿರಗಿ ಬರೂದನ್ನ ನಾ ಹಾಕತೇನ್ರಿ ಅಕ್ಕಾರ," ಅಂದ ಅಯಾಜ್.

ಹಾಡಲು ನಿಂತರೆ ಆಗಲಿಲ್ಲ. ಹೆಡ್‌ಫೋನು ಹಾಕಿದರೆ ಡ್ರಮ್ಮಿನ ಪೆಟ್ಟಿಗೆ ಪ್ರೇಮವ್ವ ಬೆಚ್ಚಿಬೀಳುತ್ತಿದ್ದಳು. ತೆಗೆದರೆ ತಾಳ ಎಲ್ಲಿದೆಯೋ ಗೊತ್ತಾಗುತ್ತಿರಲಿಲ್ಲ. ಮಂಗಳವ್ವ ನಗುತ್ತಿದ್ದಳು, ನಕ್ಕದ್ದಕ್ಕೆ ಬೈಸಿಕೊಳ್ಳುತ್ತಿದ್ದಳು. ಒಂದು ಸಲ ಪ್ರೇಮವ್ವ ಹೇಗೋ ಇಡೀ ಸಾಲು ಹಾಡಿದಳು. ಅದರಲ್ಲಿ ಜೀವವಿರಲಿಲ್ಲ. ಅವಳಿಗೇ ಅದು ತಿಳಿಯಿತು. ಸೋತವಳಂತೆ ತನ್ನ ಅಂಗೈ ನೋಡಿಕೊಂಡಳು.

"ಖಾಲಿ ಕೈಲೆ ಹೆಂಗ ಹಾಡಲಿ ತಂಗಿ? ಖಾಲಿ ಕೈಲೆ ನಾ ಎಂದೂ ಹಾಡಿಲ್ಲ."

ರಮಜಾನಬಿ ಎದ್ದು ಹೊರಗಿನಿಂದ ಗಂಟು ತಂದಳು. ಹಳೆಯ ಪೇಪರು ಹಾಸಿ ಮೆಣಸಿನಕಾಯಿ ಸುರಿದಳು. ಗಾಜಿನ ಆಚೆಯಿಂದ ಅಯಾಜ್ ಕೈ ಬೀಸಿದ. "ಬ್ಯಾಡ್ರಿ ಅಮ್ಮಾ! ಆ ಚಟಚಟ ಎಲ್ಲಾ ಮೈಕಿನ್ಯಾಗ ಬರತೈತಿ!"

"ಬರ್ಲಿ ಬೇಟಾ. ಅದೇನ ಬ್ಯಾರೆಯವರ ಸಪ್ಪಳಾ?" ಅಂದಳು ರಮಜಾನಬಿ.

ಮೂವರೂ ನೆಲಕ್ಕೆ ಕೂತರು. ಅಯಾಜ್ ಬೈಯುತ್ತಲೇ ಬಂದು ಮೈಕನ್ನು ಅವರ ಎತ್ತರಕ್ಕೆ ಇಳಿಸಿದ. ಕೋಣೆಯೊಳಗೆ ಮೆಲ್ಲಗೆ ಘಾಟು ಏಳತೊಡಗಿತು. ಹೆಡ್‌ಫೋನನ್ನು ಸುಧಾರಾಣಿ ತಾನೊಬ್ಬಳೇ ಹಾಕಿಕೊಂಡು ಅವರೆದುರು ಕೂತಳು. ಅವಳಿಗೆ ಮಾತ್ರ ಆ ಸಂಜೆ ಕೇಳುತ್ತಿತ್ತು. ಅದರ ತಾಳವನ್ನು ಅವಳು ಅಂಗೈಯಿಂದ ಗಾಳಿಯಲ್ಲಿ ತೋರಿಸಿದಳು, ಮಗುವಿಗೆ ಅಲೆ ತೋರಿಸುವ ಹಾಗೆ. ಮೂವರ ಕಣ್ಣೂ ಆ ಕೈಯ ಮೇಲೆ ನಿಂತವು, ಬೆರಳುಗಳು ಮಾತ್ರ ನೋಡದೆಯೇ ತುಂಬು ಮುರಿಯುತ್ತಿದ್ದವು. ಚಟ್, ಚಟ್. ಪ್ರೇಮವ್ವ ಹಾಡಿದಳು.

ದನಿ ಅವಳು ಹೇಳಿದ ಹಾಗೆಯೇ ದುಂಡಗಿತ್ತು.

ನಡುವೆ ತಾನೇ ನಿಲ್ಲಿಸಿ, "ನೀ ಸುಮ್ಮನ ಕೈ ಆಡಿಸಿದ್ರ ಹೆಂಗ? ನೀನೂ ಹಾಡು," ಅಂದಳು.

"ನನ್ನ ದನಿ ಅಲ್ಲಿರಲಿಲ್ಲರಿ. ನಾ ಚೀಲದ ಹಿಂದ ಇದ್ದೆ."

"ಈಗ ಇಲ್ಲೇ ಅದಿಯಲಾ!"

ಸುಧಾರಾಣಿ ಹಾಡಿದಳು. ಘಾಟು ಗಂಟಲಿನ ಹತ್ತಿರ ಬಂದು ಕೂತಿತ್ತು. ಅದಕ್ಕೆ ಹೆದರಿ ಅವಳು ದನಿಯನ್ನು ಮೆಲ್ಲಗೆ ಇಟ್ಟಳು, ಪ್ರೇಮವ್ವನ ದನಿಯ ಮೈಗೆ ಆತುಕೊಂಡು ನಡೆದಳು. 'ಬಾಗಿಲ ತಗಿ ತಂಗೀ' ಎಂದು ಪ್ರೇಮವ್ವ ಕರೆದಾಗ ತನ್ನನ್ನೇ ಕರೆದಂತೆಯೂ, ತಾನೇ ಯಾರನ್ನೋ ಕರೆಯುತ್ತಿರುವಂತೆಯೂ ಆಯಿತು. ಹೆಡ್‌ಫೋನಿನ ಆ ಸಂಜೆಗೂ ಕೋಣೆಯ ಈ ಮುಂಜಾನೆಗೂ ನಡುವೆ ತೆಳ್ಳನೆಯ ಪರದೆಯಷ್ಟೇ ಇತ್ತು. ಅದು ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತಿತ್ತು. ಮೇಲಿನ ಸ್ವರದಲ್ಲಿ ಅವಳ ದನಿ ಕೂದಲೆಳೆಯಷ್ಟು ಒಡೆಯಿತು. ಅವಳು ಅದನ್ನು ಹಿಡಿಯಲು ಹೋಗಲಿಲ್ಲ.

ಗಾಜಿನ ಆಚೆ ಅಯಾಜ್ ಸೀನುತ್ತಿದ್ದ. ಬಾಗಿಲ ಸಂದಿಯಿಂದ ಘಾಟು ಅಲ್ಲಿಗೂ ಹೋಗಿತ್ತು.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಅಯಾಜ್ ಗೋದಾಮಿನ ಗುಂಯ್ಗುಡುವಿಕೆ ಹಾಕಿ, ದೀಪ ಆರಿಸಿ, ಎಲ್ಲರಿಗೂ ದೊಡ್ಡ ಸ್ಪೀಕರಿನಲ್ಲಿ ಕೇಳಿಸಿದ. ಕತ್ತಲಲ್ಲಿ ಸುಧಾರಾಣಿ ಬ್ಯಾಡಗಿಯಲ್ಲಿದ್ದಳು. ಬೆಳಕು ಉದುರುತ್ತಿತ್ತು, ಬದಿಯಲ್ಲಿ ಯಾರೋ ನಿಂತಿದ್ದರು. ಹಾಡು ಮುಗಿದು, ಮೂರನೇ ಹಾಡಿನ ಚಪ್ಪಾಳೆ ಬಿತ್ತು. ಮಂಗಳವ್ವ ತಾನೂ ಎರಡು ತಟ್ಟಿಬಿಟ್ಟಳು.

ವಿಜಯಮಹಾಂತೇಶನಿಗೆ ಮಾತ್ರ ಸಮಾಧಾನವಿರಲಿಲ್ಲ. "ಚಂದ ಐತಿ, ಖರೇ. ಆದ್ರ ಬ್ಯಾಡಗಿಯೊಳಗ ಹಾಡಿದ್ದು ಅಂತ ಹೆಂಗ ಬರೀತಿ? ಹಿಂಗ ಆಗೇ ಇಲ್ಲ."

ಅಯಾಜ್ ತಲೆ ಕೆರೆದುಕೊಂಡ. "ಬ್ಯಾಡಗಿ ಮತ್ತ ರಾಣೆಬೆನ್ನೂರಾಗ ಹಾಡಿದ್ದು ಅಂತ ಹಾಕು," ಅಂದಳು ಸುಧಾರಾಣಿ. ಹಾಗೇ ಹಾಕಿದರು, ಹಾಡಿದವರ ಸಾಲಿನಲ್ಲಿ ಮೂವರ ಹೆಸರನ್ನೂ ಹಾಕಿದರು. ಅವಳು ಮೊದಲು ಒಬ್ಬಳೇ ಹಾಡಿದ್ದ ಆ ನಿಷ್ಕಳಂಕ ಸಾಲನ್ನು ಅಳಿಸಿಬಿಡು ಎಂದಿದ್ದಳು. ಅಯಾಜ್ ಪೂರ್ತಿ ಅಳಿಸಲಿಲ್ಲ. ಮೇಲಿನ ಸ್ವರದ ತುದಿಯಲ್ಲಿ ಎಲ್ಲರ ಉಸಿರೂ ಮುಗಿದಿತ್ತು, ಅಲ್ಲಿ ಅದರ ಒಂದು ಎಳೆಯನ್ನು ಕೆಳಗೆ ಹಾಸಿದ. ಆಮೇಲೆ ಅವನೇ ಹೇಳಿದ. ಅವಳು ಮತ್ತೊಮ್ಮೆ ಕೇಳಿ, "ಇರ್ಲಿ ಬಿಡು," ಅಂದಳು.

ದೀಪಾವಳಿಗೆ ಸಿ.ಡಿ. ಬಂತು. ದೊಡ್ಡ ಸುದ್ದಿಯೇನೂ ಆಗಲಿಲ್ಲ, ಆದರೆ ಈ ಮೂರು ಊರುಗಳಲ್ಲಿ ಓಡಾಡಿತು. ಟಂಟಂ ಆಟೋಗಳಲ್ಲಿ ಕೇಳಿಸಿತು. ಬೀಜದ ಕೋಣೆಯಲ್ಲಿ ಸುಧಾರಾಣಿ ಮತ್ತೆ ಗುನುಗತೊಡಗಿದಳು. ಒಂದು ದಿನ ಹಾವೇರಿಯ ಬಸ್ ನಿಲ್ದಾಣದಲ್ಲಿ ಅಗಡಿಯ ಹುಡುಗನೊಬ್ಬ ಅವಳನ್ನು ಗುರುತಿಸಿ ಹತ್ತಿರ ಬಂದ.

"ನಾ ಅವತ್ತ ಅಲ್ಲೇ ಇದ್ನಿರಿ ಅಕ್ಕಾ. ನೀವೂ ಆ ಅಮ್ಮಾರೂ ಕೂಡಿ ಹಾಡಿದ್ದು ಮರೀಲಾಕ ಆಗೂದಿಲ್ಲ. ಅವರು ನಿಮ್ಮ ಹೆಗಲ ಮ್ಯಾಲ ಕೈ ಇಟ್ಟಿದ್ರು ನೋಡ್ರಿ, ಅದ ಭಾಳ ಚಂದಿತ್ತು."

ಅವಳು ಇಲ್ಲ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಬಸ್ಸು ಬಂತು.

ಜನವರಿಯಲ್ಲಿ ಬ್ಯಾಡಗಿಯ ಸೀಜನ್ನು ಸುರುವಾಯಿತು. ಸಂಕ್ರಾಂತಿಯ ಎಳ್ಳುಬೆಲ್ಲ ಹಿಡಿದು ಸುಧಾರಾಣಿ ಗೋದಾಮಿಗೆ ಹೋದಳು. ಮಾರುಕಟ್ಟೆಯ ಅಂಗಳವೆಲ್ಲ ಕೆಂಪು, ದೂರದಿಂದ ನೋಡಿದರೆ ನೆಲವೇ ಹೂಬಿಟ್ಟಂತೆ. ಗೋದಾಮಿನಲ್ಲಿ ಹೊಸ ಹೆಣ್ಣುಮಕ್ಕಳು ಬಹಳ ಜನ ಸೇರಿದ್ದರು. ನಡುವೆ ಪ್ರೇಮವ್ವ ಕೂತು ಕತೆ ಹೇಳುತ್ತಿದ್ದಳು. ಸುಧಾರಾಣಿ ಬಂದದ್ದನ್ನು ನೋಡಿಯೂ ನಿಲ್ಲಿಸಲಿಲ್ಲ.

"ಈಕಿ ಕೆಮ್ಮಾಕತ್ತಳು. ನಾ ಸುಮ್ಮನ ಕುಂದರ್ಲಿ ಹೆಂಗ? ಎದ್ದೆ. ಸೀದಾ ಹೋದೆ. ಹೋಗಿ ಈಕೀ ಬಾಜೂಕ ನಿಂತೆ. ಇಬ್ಬರೂ ಕೂಡಿ ಹಾಡಿದ್ವಿ. ಗೋದಾಮಿನ ತಗಡ ಹಾರಿ ಹೋಗತೇತಿ ಅನಸ್ತು."

ಮಂಗಳವ್ವ, ರಮಜಾನಬಿ ತಲೆಯಾಡಿಸಿದರು. ಅವರೂ ಅಲ್ಲಿದ್ದವರೇ. ಪ್ರೇಮವ್ವನ ಮುಖದಲ್ಲಿ ಸುಳ್ಳಿನ ನೆರಳೂ ಇರಲಿಲ್ಲ, ನೆನಪಿನ ಬೆಳಕೇ ಇತ್ತು.

ಹೊಸಬಳೊಬ್ಬಳು ಸುಧಾರಾಣಿಯ ಕಡೆ ತಿರುಗಿದಳು. "ಖರೇನರಿ? ಅಷ್ಟು ಮಂದೀ ಮುಂದ ಎದ್ದು ಬಂದ್ರೇನು?"

ಸುಧಾರಾಣಿ ನೋಡಿದಳು. ಕಣ್ಣು ಮುಚ್ಚುವ ಅಗತ್ಯವೂ ಬೀಳಲಿಲ್ಲ. ಕೆಂಪು ಪುಡಿ ಇಳಿಯುತ್ತಿತ್ತು. ಅದರ ನಡುವಿನಿಂದ ಪ್ರೇಮವ್ವ ಸೆರಗು ಸಿಕ್ಕಿಸಿಕೊಂಡು ನಡೆದು ಬರುತ್ತಿದ್ದಳು.

"ಖರೇ," ಅಂದಳು. "ಸ್ಟೇಜ ಹತ್ತಾಕ ಮೆಟ್ಟಲ ಇರಲಿಲ್ಲ. ನಾನs ಕೈ ಹಿಡದು ಮ್ಯಾಲ ಎಳಕೊಂಡೆ. ಮೆಣಸಿನಕಾಯಿ ಕೈ ಅದು, ನನ್ನ ಅಂಗೈ ಮರದಿನಾ ಪೂರಾ ಉರೀತು."

"ಹೌದಲ್ಲ, ಆಮ್ಯಾಲ ನೀ ಎಣ್ಣಿ ಹಚಕೊಂಡಿ," ಅಂದಳು ಪ್ರೇಮವ್ವ, ಒಪ್ಪಿಕೊಂಡವಳ ಹಾಗೆ. ಆಮೇಲೆ ಎಳ್ಳುಬೆಲ್ಲದ ಪೊಟ್ಟಣವನ್ನು ಮಡಿಲಿಗೆ ಹಾಕಿಕೊಂಡು, ಒಂದು ಬೊಗಸೆ ಮೆಣಸಿನಕಾಯಿಯನ್ನು ಅವಳ ಮುಂದೆ ಸರಿಸಿ, ಕೂರಲು ಗೋಣಿಯ ಒಂದು ತುದಿ ಬಿಟ್ಟುಕೊಟ್ಟಳು.